ಸೀಸ ಕೋಶವನ್ನು ಕೊಲ್ಲದೆಯೇ ಕೆಲಸ ಕೆಡಿಸುತ್ತದೆ

"ಡಾಕ್ಟ್ರೇ, ಸ್ಕ್ಯಾನಿಂಗ್ ನಾರ್ಮಲ್ ಬಂದಿದೆಯಲ್ಲಾ, ಇನ್ನು ಸೀಸದ ಚಿಂತೆ ಯಾಕೆ?" ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವವರ ಮನೆಯ ಬಸುರಿಯರು ಹೀಗೆ ಕೇಳುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಕೈಕಾಲು, ಬೆನ್ನುಮೂಳೆ, ಹೃದಯ ಕಾಣುತ್ತವೆ. ಯಾವ ಜೀನ್ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಅನ್ನೋದು ಕಾಣುವುದಿಲ್ಲ. ಸೀಸ ಕೈಹಾಕುವುದು ಅಲ್ಲಿಗೇ.

2014ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ವೇನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಮಾನವ ಭ್ರೂಣದ ಕಾಂಡಕೋಶಗಳಲ್ಲಿ, ಅಂದರೆ ಸ್ಟೆಮ್ ಸೆಲ್‌ಗಳಲ್ಲಿ, ನೋಡಿದರು. ಈ ಕೋಶಗಳು ನರಕೋಶವಾಗುವ ಹಾದಿಯಲ್ಲಿ ಒಂದು ಹಂತ ಬರುತ್ತದೆ. ಆಗ ಅವು ಸೇವಂತಿಗೆಯ ಎಸಳುಗಳ ಹಾಗೆ ಸುತ್ತಲೂ ಜೋಡಿಸಿಕೊಂಡು ನಿಲ್ಲುತ್ತವೆ. ಗರ್ಭದಲ್ಲಿ ಮಿದುಳಿನ ಮೊದಲ ನಾಳ ಮೂಡುವ ಹೊತ್ತಿಗೆ ಇದು ಹತ್ತಿರ. ಆ ಹಂತದಲ್ಲಿ ಸೀಸ ತಾಗಿದಾಗ ನರಕೋಶ ರೂಪುಗೊಳ್ಳುವುದರಲ್ಲಿ ಪಾಲಿರುವ ಪ್ಯಾಕ್ಸ್6, ಎಂಎಸ್ಐ1 ಎಂಬ ಜೀನ್‌ಗಳ ಕೆಲಸ ಇಳಿಯಿತು. ನರಕೋಶವೇನೋ ಹುಟ್ಟಿತು. ಆದರೆ ಅದರ ಎಳೆಗಳು ಗಿಡ್ಡ, ಕವಲುಗಳು ಕಡಿಮೆ. ಶುರುವಿನಿಂದ ಕೊನೆತನಕ ಸೀಸ ಕೊಟ್ಟಾಗ ನರಕೋಶಗಳು ಎರಡೂವರೆ ಪಟ್ಟು ಜಾಸ್ತಿ ಬಂದವು! ಜಾಸ್ತಿ ಅಂದರೆ ಒಳ್ಳೆಯದು ಅಂದುಕೊಳ್ಳಬೇಡಿ. ಮಿದುಳಿಗೆ ಬೇಕಿರುವುದು ಲೆಕ್ಕಕ್ಕೆ ಸರಿಯಾಗಿ, ಹೊತ್ತಿಗೆ ಸರಿಯಾಗಿ ಬರುವ ಕೋಶಗಳು.

ಇದಕ್ಕೆ ಡಿಎನ್‌ಎ ಬರಹವೇ ಬದಲಾಗಬೇಕಿಲ್ಲ. ಬದಲಾದದ್ದು ಅದರ ಮೇಲೆ ಕೂರುವ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು. ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವುದರಲ್ಲಿ ಇವುಗಳ ಪಾಲು ದೊಡ್ಡದು. "ಕೋಶ ಸತ್ತಿತೇ?" ಅಂತ ಮಾತ್ರ ನೋಡುವ ವಿಷಪರೀಕ್ಷೆಗೆ ಇದೆಲ್ಲ ಸಿಗುವುದೇ ಇಲ್ಲ. ನನ್ನ ತಕರಾರು ಇರುವುದು ಇದರ ಬಗ್ಗೆಯೇ.

ಆ ಪ್ರಯೋಗದಲ್ಲಿ ಬಳಸಿದ ಸೀಸದ ಅತಿ ಹೆಚ್ಚಿನ ಪ್ರಮಾಣ ಡೆಸಿಲೀಟರಿಗೆ ಸುಮಾರು 39 ಮೈಕ್ರೋಗ್ರಾಂ. ಬ್ಯಾಟರಿ ಕೆಲಸದವರ ರಕ್ತದಲ್ಲಿ ಇಷ್ಟು ಸಿಗುವುದು ಅಪರೂಪವೇನಲ್ಲ. ಮಕ್ಕಳಲ್ಲಿ 3.5 ಮುಟ್ಟಿದರೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಸುತ್ತದೆ. ಹಾಗಂತ ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲ ಮಗುವಿಗೂ ಆಗುತ್ತದೆ ಅಂತಲ್ಲ. ತಟ್ಟೆಯಲ್ಲಿ ಮಾಸು ಇಲ್ಲ, ತಾಯಿಯ ಯಕೃತ್ತೂ ಇಲ್ಲ. ಆದರೆ ಮಾಸು ಸೀಸವನ್ನು ತಡೆಯುವುದಿಲ್ಲ ಅನ್ನುವುದು ಗೊತ್ತಿರುವ ಸಂಗತಿ.

ಇನ್ನೊಂದು ತೊಂದರೆ ಮೂಳೆಯದು. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ 90%ಕ್ಕೂ ಹೆಚ್ಚು ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಬಸುರಿಯಲ್ಲಿ ಮಗುವಿಗೆಂದು ಮೂಳೆ ಕ್ಯಾಲ್ಸಿಯಂ ಬಿಟ್ಟುಕೊಡುವಾಗ ಸೀಸವೂ ಜೊತೆಗೆ ಹೊರಡುತ್ತದೆ. ಚಿಕ್ಕಂದಿನಲ್ಲಿ ಉಸಿರಾಡಿದ ಧೂಳು ಈಗ ರಕ್ತಕ್ಕೆ ಬರುತ್ತದೆ ಅಂದ ಹಾಗಾಯಿತು, ಅಲ್ವಾ? ಮೆಕ್ಸಿಕೋದಲ್ಲಿ ಬಸುರಿಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ರಕ್ತದ ಸೀಸ ಸರಾಸರಿ 11% ಇಳಿಯಿತು. ಹಾಗಾಗಿ ಕೊಟ್ಟ ಮಾತ್ರೆಯನ್ನು ಡಬ್ಬಿಯಲ್ಲೇ ಉಳಿಸಬೇಡಿ.

ಮಿಕ್ಕದ್ದು ಮನೆಯ ಕೆಲಸ. ಯಜಮಾನರ ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು, ಅದೂ ನೀವಲ್ಲ, ಅವರೇ ಒಗೆಯಲಿ. ನಮ್ಮ ದೇಶದಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಬಾಗಿಲು, ಕಿಟಕಿ ಉಜ್ಜಿಸುವುದಿದ್ದರೆ ಬಾಣಂತನ ಮುಗಿದು, ಮಗು ಮನೆಯಲ್ಲಿಲ್ಲದ ದಿನ ಉಜ್ಜಿಸಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ತವರಕ್ಕೆ ಸೀಸ ಬೆರೆಸಿದ್ದಾರೆಯೇ ಅಂತ ಕೇಳಿ. ಅನುಮಾನ ಬಂದರೆ ಅದರಲ್ಲಿ ಹುಳಿ ಸಾರು ಮಾಡಬೇಡಿ.