ಆ ಸ್ನೇರ್ ಯಾಕೆ ಹಾಗೆ ಮೊಳಗುತ್ತದೆ?

ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ‘ಸೇಂಟ್ ಆ್ಯಂಗರ್’ ಬಂದಿದ್ದು 2003ರಲ್ಲಿ. ಆಗ ಚಾಲ್ತಿಯಲ್ಲಿದ್ದ ಮೆಟಲ್ ಶೈಲಿ ನು-ಮೆಟಲ್‌ನ ಗಾಳಿ ಈ ಆಲ್ಬಮ್‌ಗೂ ಜೋರಾಗಿಯೇ ಬೀಸಿತ್ತು. ಗಿಟಾರ್‌ಗಳ ಶ್ರುತಿ ಕೆಳಗಿಳಿದಿತ್ತು, ಗಿಟಾರ್ ಒಂಟಿಯಾಗಿ ಮೆರೆಯುವ ಸೋಲೋ ಒಂದೂ ಇರಲಿಲ್ಲ. ಆದರೆ ಕೇಳುಗರು ಇವತ್ತಿಗೂ ಜಗಳ ಆಡುವುದು ಸ್ನೇರ್ ಡ್ರಮ್‌ ವಿಷಯಕ್ಕೆ. ತಗಡಿನ ಡಬ್ಬಾ ಬಡಿದ ಹಾಗಿದೆ ಅಂತ ಒಬ್ಬರು, ಆ ಸಿಟ್ಟಿಗೆ ಅದೇ ಸರಿ ಅಂತ ಇನ್ನೊಬ್ಬರು. ನಾನು ಇನ್ನೊಬ್ಬರ ಕಡೆ.

ಆ ಸದ್ದು ಬಂದಿದ್ದು ಹೇಗೆ ಅಂತ ನೋಡಿ. ಸ್ನೇರ್ ಡ್ರಮ್‌ಗೆ ಮೇಲೊಂದು, ಕೆಳಗೊಂದು ಹೆಡ್ ಇರುತ್ತದೆ, ಬಿಗಿದು ಕಟ್ಟಿದ ಪ್ಲಾಸ್ಟಿಕ್ ಪೊರೆ. ಕೆಳಗಿನದಕ್ಕೆ ತಾಗಿಕೊಂಡು ಸುರುಳಿ ತಂತಿಗಳ ಸಾಲು. ಮೇಲೆ ಕೋಲು ಬಿದ್ದ ಕೂಡಲೇ ಕೆಳಗಿನ ಪೊರೆಯೂ ಅದುರುತ್ತದೆ, ತಂತಿಗಳು ಅದಕ್ಕೆ ಬಡಿದು ‘ಛರ್’ ಎನ್ನುತ್ತವೆ. ಆ ‘ಛರ್’ನಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳೂ ಕಲಸಿಹೋಗಿರುತ್ತವೆ. ಡ್ರಮ್‌ನ ಸ್ವಂತ ನಾದ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಪಕ್ಕದ ಲಿವರ್ ಎಳೆದು ತಂತಿ ಸಡಿಲ ಬಿಟ್ಟರೆ ಆ ಮುಸುಕು ಹೋಯಿತು. ಉಳಿಯುವುದು ಪೊರೆ ಮತ್ತು ಕವಚದ ನಾದ ಮಾತ್ರ: ‘ಠಂಯ್’. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ನುಡಿಸಿದ್ದು ಹೀಗೆ ತಂತಿ ಬಿಟ್ಟ ಡ್ರಮ್ಮನ್ನೇ.

ಮೊನ್ನೆ ಈ ಆಲ್ಬಮ್ಮನ್ನು ಹೈ-ರೆಸ್‌ನಲ್ಲಿ, ಅಂದರೆ ಸಿಡಿಗಿಂತ ಸೂಕ್ಷ್ಮವಾಗಿ ಸದ್ದು ದಾಖಲಿಸುವ ಫೈಲಿನಲ್ಲಿ, ಮತ್ತೆ ಕೇಳಿದೆ. ಏನಾದರೂ ಬದಲಾಗಬೇಕಿತ್ತಾ? ಸಿಡಿ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ ತೆಗೆಯುತ್ತದೆ. ಅಷ್ಟಿದ್ದರೆ ಸುಮಾರು 22,000 ಹರ್ಟ್ಸ್‌ವರೆಗಿನ ಸದ್ದು ಹಿಡಿದಂತೆ. ಎಳೆಯ ಕಿವಿಗೂ 20,000ದ ಆಚೆ ಕೇಳುವುದಿಲ್ಲ, ವಯಸ್ಸಾದಂತೆ ಇನ್ನೂ ಕಮ್ಮಿ. ಇನ್ನು ಬಿಟ್, ಅಂದರೆ ಒಂದೊಂದು ಅಳತೆಯನ್ನು ಬರೆದಿಡುವ ಅಂಕೆಗಳು. ಅತಿ ಸಣ್ಣ ಸದ್ದಿಗೂ ಅತಿ ಜೋರು ಸದ್ದಿಗೂ ನಡುವಿನ ಅಂತರಕ್ಕೆ ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಲೆಕ್ಕ. ಸಿಡಿಯ 16 ಬಿಟ್‌ಗೆ 96, ಹೈ-ರೆಸ್‌ನ 24 ಬಿಟ್‌ಗೆ 144. ಹೆಚ್ಚಿನ ಬಿಟ್‌ಗಳು ನೆರವಾಗುವುದು ತೀರಾ ಸಣ್ಣ ಸದ್ದುಗಳಿಗೆ. ಆ ಕಾಲದ ರಾಕ್ ಡಿಸ್ಕ್‌ಗಳಲ್ಲಿ ಸಣ್ಣ ಸದ್ದಿಗೆ ಜಾಗವೇ ಇರಲಿಲ್ಲ, ಅಲ್ವಾ? ಎಲ್ಲವನ್ನೂ ಜೋರು ಮಾಡುವ ಪೈಪೋಟಿಯಲ್ಲಿ ಅಲೆಗಳ ನೆತ್ತಿಯನ್ನೇ ಚಪ್ಪಟೆ ಮಾಡುತ್ತಿದ್ದರು. ಕತ್ತರಿಸಿದ ನೆತ್ತಿ ದೊಡ್ಡ ಫೈಲಿಗೆ ಹಾಕಿದರೆ ಮತ್ತೆ ಬೆಳೆಯುವುದಿಲ್ಲ. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಸದ್ದಿನ ಹೊಂದಾಣಿಕೆ, ಹೊಸದಾಗಿ ಮಾಡಿದ್ದರೆ ಮಾತು ಬೇರೆ.

2007ರಲ್ಲಿ ಮೇಯರ್, ಮೊರಾನ್ ಎಂಬಿಬ್ಬರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಹೈ-ರೆಸ್ ಸದ್ದನ್ನೂ, ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಹೆಸರು ಹೇಳದೆ ಕೇಳಿಸಿದ್ದರು. ಮಾಮೂಲಿ ವಾಲ್ಯೂಮ್‌ನಲ್ಲಿ ಕೇಳುಗರ ಉತ್ತರ ನಾಣ್ಯ ಚಿಮ್ಮಿದಷ್ಟೇ ಸರಿಯಾಗಿತ್ತು. ಮನೆಯಲ್ಲಿ ಹೋಲಿಸಿ ನೋಡುವವರು ಎರಡರ ವಾಲ್ಯೂಮ್ ಮೊದಲು ಸರಿಸಮ ಮಾಡಿಕೊಳ್ಳಬೇಕು. ಕೂದಲೆಳೆಯಷ್ಟು ಜೋರಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಅನ್ನುತ್ತದೆ.

ನಾನೂ ಸಮ ಮಾಡಿಕೊಂಡೇ ಕೇಳಿದೆ. ಗಿಟಾರ್‌ಗಳು ಒಂದು ಕ್ಷಣ ತಡೆದು ನಿಲ್ಲುವ ಕಡೆ ಆ ‘ಠಂಯ್’ ತೆಳುವಾಗುತ್ತಾ ಹೋಗುವುದು ಸ್ಪಷ್ಟವಾಗಿ ಕೇಳಿತು. ಆಮೇಲೆ ಹಳೆಯ ಸಿಡಿ ಹಾಕಿದೆ. ಅಲ್ಲೂ ಅದು ಹಾಗೆಯೇ ಇತ್ತು.