ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆಯೇ?

ಪ್ರಶ್ನೆ: ಸಂಪಾಜೆ ಕಡೆ ನಮ್ಮದು ಅಡಿಕೆ ತೋಟ. ಒಂದು ಬದಿಯಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ. ಗೊನೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿ, ಅಲ್ಯೂಮಿನಿಯಂನದಾದರೆ ಅಪಾಯವೆಂದು ಕಾರ್ಬನ್ ಫೈಬರಿನದು ಕೊಳ್ಳಬೇಕೆಂದಿದ್ದೇವೆ. ಅದು ಲೋಹವಲ್ಲವಾದ್ದರಿಂದ ಶಾಕ್ ಹೊಡೆಯುವುದಿಲ್ಲ, ಅಲ್ಲವೇ?

ಉತ್ತರ: ಹೊಡೆಯುತ್ತದೆ. ಆ ಧೈರ್ಯದ ಮೇಲೆ ದಯವಿಟ್ಟು ದೋಟಿ ಕೊಳ್ಳಬೇಡಿ. ಮೆಣಸು ಕೊಯ್ಯುವವರು, ಮರಗಸಿ (ಮರದ ಕೊಂಬೆ ಸವರುವುದು) ಮಾಡಿಸುವವರು ಕೂಡ ಇದೇ ಮಾತು ಕೇಳುತ್ತಿರುತ್ತಾರೆ. ಎಲ್ಲರಿಗೂ ಉತ್ತರ ಒಂದೇ.

ಕಾರ್ಬನ್ ಫೈಬರ್ ತಯಾರಿಸಲು ಪಾಲಿಅಕ್ರಿಲೋನೈಟ್ರೈಲ್ ಎಂಬ ಕೃತಕ ನೂಲನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಗೆ, ಆಮೇಲೆ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಉಳಿದದ್ದೆಲ್ಲ ಬಹುಪಾಲು ಹೊರಟುಹೋಗಿ ಇಂಗಾಲ ನಿಲ್ಲುತ್ತದೆ, ಕೂದಲಿನ ಹತ್ತನೇ ಒಂದು ಪಾಲು ದಪ್ಪದ ಎಳೆಯಾಗಿ. ಅದರೊಳಗೆ ಇಂಗಾಲದ ಪರಮಾಣುಗಳು ತೆಳು ಹಾಳೆಗಳಾಗಿ ಎಳೆಯ ಉದ್ದಕ್ಕೆ ಜೋಡಣೆಯಾಗಿರುತ್ತವೆ. ದೋಟಿ ಬಾಗದೆ ನಿಲ್ಲುವುದು ಈ ಜೋಡಣೆಯಿಂದ. ವಿದ್ಯುತ್ ಓಡುವುದೂ ಇದೇ ಹಾಳೆಗಳಲ್ಲಿ. ಅಲ್ಯೂಮಿನಿಯಂಗಿಂತ ಇದರ ರೋಧ ನೂರಾರು ಪಟ್ಟು ಹೆಚ್ಚೆಂಬುದು ನಿಜ. ಆದರೆ 11 ಸಾವಿರ ವೋಲ್ಟಿನ ತಂತಿಗೆ ಅದು ಲೆಕ್ಕಕ್ಕೇ ಇಲ್ಲ.

ಮಲ್ಟಿಮೀಟರ್ ಹಿಡಿದು ನೋಡಿದೆವು, ಏನೂ ತೋರಿಸಲಿಲ್ಲ ಎನ್ನುವವರಿದ್ದಾರೆ. ನುಣುಪಾದ ಹೊರಮೈಯ ಮೇಲಿರುವುದು ಎಪಾಕ್ಸಿ ಅಂಟಿನ ಪದರ. ಮೀಟರಿನ ಸಣ್ಣ ಬ್ಯಾಟರಿಗೆ ಅದನ್ನು ದಾಟಲಾಗದು. ಕೊಳವೆಯ ಕೊಯ್ದ ಅಂಚುಗಳಲ್ಲಿ ಕರ್ರಗೆ ಕಾಣುವ ಎಳೆಗಳಿಗೇ ಮೀಟರಿನ ಕಡ್ಡಿ ಒತ್ತಿ ನೋಡಿ, ಮೀಟರ್ ಬೇರೆಯೇ ಕಥೆ ಹೇಳುತ್ತದೆ. ಹೈಟೆನ್ಷನ್ ತಂತಿ ಆ ತೆಳು ಪದರವನ್ನು ಸೀಳಿಕೊಂಡು ಬರುತ್ತದೆ. ಹಿಡಿಗೆ ಸುತ್ತಿದ ರಬ್ಬರನ್ನೂ ನಂಬಬೇಡಿ.

ಹಾಗಾದರೆ ಇದನ್ನು ಕೊಳ್ಳುವುದೇಕೆ? ಹಗುರಕ್ಕೆ. ಈ ಎಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.8 ಗ್ರಾಂ, ಅಲ್ಯೂಮಿನಿಯಂನದು 2.7. ಟಿ300 ದರ್ಜೆಯ ಎಳೆಯ ಬಿಗಿ (ಬಾಗದೆ, ಹಿಗ್ಗದೆ ನಿಲ್ಲುವ ಗುಣ) ಸುಮಾರು 230 ಗಿಗಾಪಾಸ್ಕಲ್, ಉಕ್ಕಿಗಿಂತ ತುಸು ಹೆಚ್ಚು. ಟಿ700 ದರ್ಜೆಯದು ಎಳೆದಾಗ ತುಂಡಾಗುವುದು ಇನ್ನೂ ತಡವಾಗಿ, ಆದರೆ ಬಿಗಿ ಅಷ್ಟೇ. ಆದ್ದರಿಂದ ದೋಟಿ ಕಡಿಮೆ ಬಾಗಲಿ ಎಂದು ಟಿ700ಗೆ ದುಡ್ಡು ಸುರಿಯುವುದು ವ್ಯರ್ಥ. ಎಳೆ ಕೊಳವೆಯ ಉದ್ದಕ್ಕೆ ಹಾಸಿದೆಯೇ, ಗೋಡೆ ಎಷ್ಟು ದಪ್ಪ ಎಂದು ಕೇಳಿ. ಅಂಗಡಿಯವರು ಹೇಳುವ '3ಕೆ' ಎಂದರೆ ಒಂದು ಕಟ್ಟಿನಲ್ಲಿ 3000 ಎಳೆ, ಅಷ್ಟೆ. ಅದು ಗಟ್ಟಿತನದ ಅಳತೆಯಲ್ಲ.

ಲೈನ್‌ಮನ್‌ಗಳ ಉದ್ದ ಕೋಲು ಗಾಜಿನ ಎಳೆಯದು. ಅದು ವಿದ್ಯುತ್ ಒಯ್ಯುವುದಿಲ್ಲ, ಆದರೆ ಬಿಗಿ ಮೂರನೇ ಒಂದರಷ್ಟು, ತೂಕವೂ ಹೆಚ್ಚು. ಮಳೆನೀರು, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮೆತ್ತಿಕೊಂಡರೆ ಅದರ ಮೈಮೇಲೂ ಕರೆಂಟ್ ಹರಿದೀತು.

ತಂತಿಯ ಬದಿಯ ಮರಗಳಿಗೆ ದೋಟಿ ಎತ್ತುವ ಮೊದಲು ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ. ಯಾವುದು ಬದಿಯ ಮರ ಎಂದು ತೀರ್ಮಾನಿಸುವಾಗ ದೋಟಿ ನೆಟ್ಟಗೆ ನಿಂತಾಗಿನ ದೂರವನ್ನಲ್ಲ, ಕೈತಪ್ಪಿ ಪೂರ್ತಿ ವಾಲಿದಾಗ ಅದರ ತುದಿ ಮುಟ್ಟುವ ದೂರವನ್ನು ಅಳೆಯಿರಿ.