ಬೋರ್ಡಿನ ಮೇಲಿನ ಕೆಂಪು ಗುರುತು ಎಲ್ಲಿಂದ ಬಂತು

ಶಿರಸಿ ಪೇಟೆಯಲ್ಲಿ ಮೊನ್ನೆ ಪೇಂಟರ್ ಒಬ್ಬರು ಔಷಧಿ ಅಂಗಡಿಯ ಬೋರ್ಡ್ ಬರೆಯುತ್ತಿದ್ದರು. ತಗಡಿನ ಮೇಲೆ ಹೊಡೆದ ಬಿಳಿ ಬಣ್ಣ ಒಣಗಿತ್ತು. ಅಂಚು ನೇರ ಬರಲಿ ಅಂತ ಟೇಪ್ ಅಂಟಿಸಿಕೊಂಡು, ಒಂದು ಅಡ್ಡ ಪಟ್ಟಿ, ಒಂದು ಉದ್ದ ಪಟ್ಟಿ ಕೆಂಪು ತುಂಬುತ್ತಿದ್ದರು. ಟೇಪ್ ಕಿತ್ತಾಗ ಕೆಂಪು ಕ್ರಾಸ್ ಗುರುತು ಎದ್ದು ಕಾಣಿಸಿತು.

"ಈ ಗುರುತು ಎಲ್ಲರೂ ಹಾಕೋ ಹಾಗಿಲ್ಲ" ಎಂದೆ.

"ಎಂತಕ್ಕೆ ಮಾರಾಯ್ರೆ? ದವಾಖಾನೆ ಅಂದ್ರೆ ಇದೇ ಅಲ್ವಾ?"

ಅವರಿಗೆ ಏನು ಹೇಳುವುದು? ನಮ್ಮ ಜಿಲ್ಲೆಯಲ್ಲಿ ಯಾವ ಊರಿಗೆ ಹೋದರೂ ಈ ಗುರುತು ಕಣ್ಣಿಗೆ ಬೀಳುತ್ತದೆ. ಔಷಧಿ ಅಂಗಡಿಯ ಮೇಲೆ, ಕ್ಲಿನಿಕ್ಕಿನ ಬಾಗಿಲಲ್ಲಿ, ಡಾಕ್ಟರ ಕಾರಿನ ಗಾಜಿನ ಮೇಲೆ, ಪ್ರಥಮ ಚಿಕಿತ್ಸೆಯ ಡಬ್ಬಿಯ ಮೇಲೆ. ಆದರೆ ಇದು ಡಾಕ್ಟರಿಕೆಯ ಗುರುತೇ ಅಲ್ಲ. ಇದು ಹುಟ್ಟಿದ್ದು ಯುದ್ಧದ ಬಯಲಿನಲ್ಲಿ. ಇದಕ್ಕಿರುವ ಅರ್ಥ ಒಂದೇ: ಇಲ್ಲಿ ಗಾಯಗೊಂಡವರಿದ್ದಾರೆ, ಗುಂಡು ಹಾರಿಸಬೇಡಿ.

1859ರ ಜೂನ್ 24. ಇಟಲಿಯ ಉತ್ತರದಲ್ಲಿ ಸೊಲ್ಫೆರಿನೊ ಎಂಬ ಊರು. ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡೀನಿಯಾದ ಸೈನ್ಯ, ಇನ್ನೊಂದು ಕಡೆ ಆಸ್ಟ್ರಿಯಾದ ಸೈನ್ಯ. ಒಂದೇ ದಿನದ ಕಾಳಗ. ಸಂಜೆ ಹೊತ್ತಿಗೆ ಸುಮಾರು 40 ಸಾವಿರ ಜನ ಸತ್ತು ಅಥವಾ ಗಾಯಗೊಂಡು ಬಿದ್ದಿದ್ದರು. ಹೆನ್ರಿ ಡುನಾಂಟ್ ಎಂಬ ಜಿನೀವಾದ ವ್ಯಾಪಾರಿ ತನ್ನ ಯಾವುದೋ ವ್ಯವಹಾರದ ಮಾತಿಗೆ ಫ್ರಾನ್ಸಿನ ಚಕ್ರವರ್ತಿಯನ್ನು ಹುಡುಕಿಕೊಂಡು ಆ ದಾರಿಯಲ್ಲಿ ಬಂದಿದ್ದ. ವ್ಯವಹಾರ ಅಲ್ಲಿಗೇ ನಿಂತಿತು.

ಹತ್ತಿರದ ಕಾಸ್ತಿಲಿಯೋನೆ ಊರಿಗೆ ಗಾಯಾಳುಗಳನ್ನು ಗಾಡಿಗಳಲ್ಲಿ ತುಂಬಿ ತಂದರು. ಚರ್ಚುಗಳು ತುಂಬಿದವು, ಬೀದಿಗಳು ತುಂಬಿದವು. ನೀರು ಕೊಡುವವರಿರಲಿಲ್ಲ, ಬಟ್ಟೆ ಸುತ್ತುವವರಿರಲಿಲ್ಲ. ಡುನಾಂಟ್ ಊರಿನ ಹೆಂಗಸರನ್ನು ಸೇರಿಸಿದ. ಸಣ್ಣ ಮಕ್ಕಳು ಬಾವಿಯಿಂದ ನೀರು ಹೊತ್ತರು. ತನ್ನ ಗಾಡಿಯವನನ್ನು ಪಕ್ಕದ ಪಟ್ಟಣಕ್ಕೆ ಕಳಿಸಿ ನಿಂಬೆಹಣ್ಣು, ಸಕ್ಕರೆ, ಅಂಗಿ, ತಂಬಾಕು ತರಿಸಿದ. ಕಾಲು ಕತ್ತರಿಸಿಕೊಂಡ ಸೈನಿಕನಿಗೆ ಒಂದು ದಮ್ ತಂಬಾಕು ಎಷ್ಟು ದೊಡ್ಡದು ಅಂತ ಅವನು ಕಣ್ಣಾರೆ ಕಂಡ. ಅಲ್ಲಿ ಬಿದ್ದವರಲ್ಲಿ ಶತ್ರುಗಳೂ ಇದ್ದರು. ಹೆಂಗಸರು ಯಾರನ್ನೂ ಬಿಡಲಿಲ್ಲ. 'ಎಲ್ಲರೂ ಅಣ್ಣತಮ್ಮಂದಿರೇ' ಎನ್ನುತ್ತ ಎಲ್ಲರಿಗೂ ನೀರು ಕುಡಿಸಿದರು. ನನ್ನ ಮಟ್ಟಿಗೆ ಮುಂದಿನ ಎಲ್ಲ ಒಪ್ಪಂದಗಳ ಬೇರು ಆ ಮಾತಿನಲ್ಲಿದೆ. ಅದನ್ನು ಹೇಳಿದವರು ಹಳ್ಳಿಯ ಹೆಂಗಸರು.

ಡುನಾಂಟ್ 1862ರಲ್ಲಿ ಇದನ್ನೆಲ್ಲ ಬರೆದು ತನ್ನ ದುಡ್ಡಿನಲ್ಲೇ ಅಚ್ಚು ಹಾಕಿಸಿದ. ಮರುವರ್ಷ ಜಿನೀವಾದಲ್ಲಿ ಗಾಯಾಳುಗಳ ನೆರವಿಗಾಗಿ ಐದು ಜನರ ಸಮಿತಿ ಕೂತಿತು; ಮುಂದೆ ರೆಡ್ ಕ್ರಾಸ್ ಸಂಸ್ಥೆಯಾದದ್ದು ಅದೇ. ಆಗ ಎದುರಾದ ಒಂದು ಪ್ರಶ್ನೆ ತೀರಾ ಸರಳವಾಗಿತ್ತು. ಗಾಯಾಳುಗಳಿರುವ ಜಾಗ ದೂರದಿಂದ ಗೊತ್ತಾಗುವುದು ಹೇಗೆ? ಅಲ್ಲಿಯವರೆಗೆ ಒಂದೊಂದು ಸೈನ್ಯಕ್ಕೆ ಒಂದೊಂದು ಬಾವುಟ. ಆಸ್ಟ್ರಿಯಾದ್ದು ಬಿಳಿ, ಫ್ರಾನ್ಸಿನದು ಕೆಂಪು, ಸ್ಪೇನಿನದು ಹಳದಿ. ಎದುರಾಳಿಯ ಆಸ್ಪತ್ರೆ ಬಾವುಟ ಯಾವುದು ಅಂತ ಫಿರಂಗಿಯವನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಎಲ್ಲರಿಗೂ ಒಂದೇ ಗುರುತು ಬೇಕಾಯಿತು. ಬಿಳಿಯ ಮೇಲೆ ಕೆಂಪು ಕ್ರಾಸ್. 1864ರ ಆಗಸ್ಟ್ 22ರಂದು 12 ದೇಶಗಳು ಯುದ್ಧದ ಗಾಯಾಳುಗಳನ್ನು ಕಾಪಾಡುವ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿದ್ದದ್ದು ಹತ್ತೇ ಕಲಮುಗಳು.

ಆ ಗುರುತು ಧರ್ಮದ್ದು ಅಂತ ಕೆಲವರಿಗೆ ಕಂಡಿತು. 1876ರಲ್ಲಿ ಬಾಲ್ಕನ್ ಪ್ರದೇಶದ ಯುದ್ಧದ ಹೊತ್ತಿಗೆ ತುರ್ಕರ ಒಟ್ಟೋಮನ್ ಸಾಮ್ರಾಜ್ಯ ತನ್ನ ಆಂಬುಲೆನ್ಸುಗಳಿಗೆ ಕೆಂಪು ಅರ್ಧಚಂದ್ರ ಬಳಸುವುದಾಗಿ ಹೇಳಿತು. ಆಮೇಲೆ ಅದಕ್ಕೂ ಅದೇ ಮಾನ್ಯತೆ ಸಿಕ್ಕಿತು. 2005ರಲ್ಲಿ ಎರಡೂ ಬೇಡ ಎನ್ನುವವರಿಗಾಗಿ ಕೆಂಪು ಹರಳು ಎಂಬ ಮೂರನೆಯ ಗುರುತು ಬಂತು. ಇನ್ನು ಡುನಾಂಟ್? ವ್ಯಾಪಾರದಲ್ಲಿ ಮುಳುಗಿ, ದಿವಾಳಿಯಾಗಿ, ಎಷ್ಟೋ ವರ್ಷ ಯಾರ ನೆನಪಿನಲ್ಲೂ ಇರಲಿಲ್ಲ. 1901ರಲ್ಲಿ ಮೊದಲ ಶಾಂತಿ ನೊಬೆಲ್ ಬಂದಾಗ ಒಂದು ಸಣ್ಣ ಊರಿನ ಆಸ್ಪತ್ರೆಯ ಕೋಣೆಯಲ್ಲಿದ್ದ.

ನಮ್ಮ ಕಡಲಿಗೆ ಹತ್ತಿರದ ಭಾಗ ಎರಡನೆಯ ಒಪ್ಪಂದ. 1949ರ ಆಗಸ್ಟ್ 12ರಂದು ನಾಲ್ಕು ಜಿನೀವಾ ಒಪ್ಪಂದಗಳಾದವು. ಮೊದಲನೆಯದು ನೆಲದ ಮೇಲಿನ ಗಾಯಾಳುಗಳಿಗೆ, ಎರಡನೆಯದು ಸಮುದ್ರದಲ್ಲಿ ಗಾಯಗೊಂಡವರಿಗೆ ಮತ್ತು ಹಡಗು ಒಡೆದು ನೀರಿಗೆ ಬಿದ್ದವರಿಗೆ, ಮೂರನೆಯದು ಸೆರೆಯಾದ ಸೈನಿಕರಿಗೆ, ನಾಲ್ಕನೆಯದು ಸಾಮಾನ್ಯ ಜನರಿಗೆ. ಆಸ್ಪತ್ರೆ ಹಡಗಿಗೆ ಪೂರ್ತಿ ಬಿಳಿ ಬಣ್ಣ ಬಳಿದು, ದೂರಕ್ಕೆ ಕಾಣುವಷ್ಟು ದೊಡ್ಡ ಕೆಂಪು ಕ್ರಾಸ್ ಹಾಕಬೇಕು. ಕಾರವಾರದಂಥ ನೌಕಾನೆಲೆಯ ಊರಲ್ಲಿ ಇದು ಪುಸ್ತಕದ ಮಾತಾಗಿ ಉಳಿಯಬಾರದು. 1943ರ ಮೇ 14ರ ನಸುಕಿನಲ್ಲಿ ಆಸ್ಟ್ರೇಲಿಯಾದ ಸೆಂಟಾರ್ ಎಂಬ ಆಸ್ಪತ್ರೆ ಹಡಗು ದೀಪ ಹಚ್ಚಿಕೊಂಡೇ ಹೋಗುತ್ತಿತ್ತು. ಜಪಾನಿನ ಸಬ್‌ಮರೀನ್ ಹೊಡೆದು ಮುಳುಗಿಸಿತು. 332 ಜನರಲ್ಲಿ 268 ಜನ ಸತ್ತರು. ಗುರುತು ಎಂದರೆ ಕೊನೆಗೂ ಬರೀ ಬಣ್ಣ. ಎದುರಿನವನು ಗೌರವಿಸಿದರೆ ಮಾತ್ರ ಅದಕ್ಕೆ ಬಲ.

ಎದುರಿನವನು ಯಾಕೆ ಗೌರವಿಸಬೇಕು? ಆ ಗುರುತಿನ ಹಿಂದೆ ಮೋಸ ಇಲ್ಲ ಅಂತ ನಂಬಿಕೆ ಇರಬೇಕು, ಅಷ್ಟೇ. ಈ ನಂಬಿಕೆ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಕಾರವಾರದವರು ದೂರ ಹೋಗಬೇಕಿಲ್ಲ. ಬಿಣಗಾ ಕಡೆಯಿಂದ ಸಮುದ್ರ ನೋಡಿದರೆ ಅಂಜುದೀವ ದ್ವೀಪ ಕಾಣುತ್ತದೆ. 1961ರಲ್ಲಿ ಅದು ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷದ ನವೆಂಬರಿನಲ್ಲಿ ದ್ವೀಪದಿಂದ ಹಾರಿದ ಗುಂಡುಗಳು ಪ್ರಯಾಣಿಕರ ಹಡಗಿಗೂ, ಮೀನುಗಾರರ ದೋಣಿಗೂ ಬಿದ್ದವು, ಜೀವವೂ ಹೋಯಿತು. ಬಲೆ ಬೀಸಲು ಹೋದವರಿಗೆ ಯಾವ ಯುದ್ಧ? ಡಿಸೆಂಬರ್ 18ರ ಬೆಳಿಗ್ಗೆ ನಮ್ಮ ನೌಕಾಪಡೆಯವರು ದ್ವೀಪಕ್ಕೆ ಇಳಿದರು. ದ್ವೀಪದಲ್ಲಿದ್ದ ಪೋರ್ಚುಗೀಸರು ಬಿಳಿ ಬಾವುಟ ಹಾರಿಸಿ, ಆಮೇಲೆ ದಡಕ್ಕೆ ಬರುತ್ತಿದ್ದವರ ಮೇಲೆ ಗುಂಡು ಹಾರಿಸಿದರು ಎಂದು ನೌಕಾಪಡೆಯ ಇತಿಹಾಸ ಹೇಳುತ್ತದೆ. ನಮ್ಮ ಏಳು ನಾವಿಕರು ಸತ್ತರು. ಬಿಳಿ ಬಾವುಟ ನಂಬಿ ಹೋಗಿ ಏಟು ತಿಂದವನು ಮುಂದಿನ ಬಿಳಿ ಬಾವುಟವನ್ನು ನಂಬುತ್ತಾನಾ? ಕೆಂಪು ಕ್ರಾಸ್ ಹಾಕಿದ ಗಾಡಿಯಲ್ಲಿ ಮದ್ದುಗುಂಡು ಸಾಗಿಸಿದರೂ ಇದೇ ಕಥೆ. ಒಬ್ಬನ ಮೋಸಕ್ಕೆ ಮುಂದಿನ ನಿಜವಾದ ಆಂಬುಲೆನ್ಸ್ ದಂಡ ತೆರುತ್ತದೆ.

ಈಗಿನ ಯುದ್ಧಗಳಲ್ಲಿ ಆಗುತ್ತಿರುವುದು ಇದೇ. 'ಅಲ್ಲಿ ಉಗ್ರರು ಅಡಗಿದ್ದರು' ಎಂಬ ಮಾತು ಆಸ್ಪತ್ರೆಗಳ ಮೇಲಿನ ದಾಳಿಯ ನಂತರ ಮತ್ತೆ ಮತ್ತೆ ಕೇಳಿಬರುತ್ತದೆ. ಕೆಲವು ಸಲ ಅದು ನಿಜವೂ ಇರಬಹುದು. ಆಗಲೂ ಮೊದಲು ಎಚ್ಚರಿಕೆ ಕೊಡಬೇಕು, ಸೂಕ್ತವಾದಲ್ಲೆಲ್ಲ ತಕ್ಕಷ್ಟು ಸಮಯ ಕೊಡಬೇಕು ಅಂತ ನಾಲ್ಕನೆಯ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್ಎಫ್ ಎಂಬ ಅಂತಾರಾಷ್ಟ್ರೀಯ ವೈದ್ಯರ ಸಂಸ್ಥೆಯ ಆಸ್ಪತ್ರೆ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿತು. ಆಸ್ಪತ್ರೆ ಎಲ್ಲಿದೆ ಅಂತ ಸಂಸ್ಥೆಯವರು ಜಿಪಿಎಸ್ ಲೆಕ್ಕವನ್ನೇ ಮೊದಲು ಕೊಟ್ಟಿದ್ದರು. 42 ಜನ ಸತ್ತರು. ತಪ್ಪಾಯಿತು ಎಂದು ಅಮೆರಿಕ ಹೇಳಿತು. ಮರುವರ್ಷ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆ, ಆಂಬುಲೆನ್ಸುಗಳ ಮೇಲಿನ ದಾಳಿ ನಿಲ್ಲಬೇಕು ಎಂದು ನಿರ್ಣಯ ಮಾಡಿತು. ನಿಲ್ಲಲಿಲ್ಲ.

2025ರ ಮಾರ್ಚ್ 23ರ ಘಟನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಗಾಜಾದ ರಫಾದಲ್ಲಿ ಗಾಯಾಳುಗಳನ್ನು ತರಲು ಹೊರಟ ಆಂಬುಲೆನ್ಸುಗಳ ಮೇಲೆ ಇಸ್ರೇಲ್ ಸೈನಿಕರು ಗುಂಡು ಹಾರಿಸಿದರು. ಜನರನ್ನು ಕಾಪಾಡುವ, ನೆರವಿನ ಕೆಲಸದಲ್ಲಿದ್ದ 15 ಮಂದಿ ಸತ್ತರು. ಅವರಲ್ಲಿ ಎಂಟು ಮಂದಿ ಕೆಂಪು ಅರ್ಧಚಂದ್ರದ ಗುರುತಿನ ರೆಡ್ ಕ್ರೆಸೆಂಟ್ ಸಂಸ್ಥೆಯವರು. ಒಂದು ವಾರದ ಮೇಲೆ ಶವಗಳು ಮರಳಿನಡಿ ಸಿಕ್ಕವು. ಗಾಡಿಗಳಿಗೆ ದೀಪ ಇರಲಿಲ್ಲ, ಅನುಮಾನ ಬಂತು ಎಂದು ಸೈನ್ಯ ಮೊದಲು ಹೇಳಿತ್ತು. ಸತ್ತವರಲ್ಲೊಬ್ಬರ ಮೊಬೈಲಿನಲ್ಲಿ ವಿಡಿಯೊ ಉಳಿದಿತ್ತು. ಅದರಲ್ಲಿ ದೀಪ ಮಿನುಗುತ್ತಿವೆ, ಗುರುತು ಕಾಣುತ್ತಿದೆ. ಆಮೇಲೆ ಸೈನ್ಯ ಮಾತು ಬದಲಿಸಬೇಕಾಯಿತು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024 ಒಂದೇ ವರ್ಷ 383 ನೆರವು ಕೆಲಸಗಾರರು ಕೊಲೆಯಾದರು. ಅವರಲ್ಲಿ ಜಾಸ್ತಿ ಜನ ಅದೇ ದೇಶದವರು, ತಮ್ಮ ಊರಿನವರಿಗೇ ಅಕ್ಕಿ, ನೀರು, ಔಷಧಿ ಒಯ್ಯುತ್ತಿದ್ದವರು. ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳ ಗಂಡುಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಆ ಕಡೆ ಬಾಂಬ್ ಬಿತ್ತು ಎಂಬ ಸುದ್ದಿ ಬಂದ ರಾತ್ರಿ ಇಲ್ಲಿಯ ತಾಯಂದಿರು ಫೋನ್ ಕೈಯಲ್ಲೇ ಹಿಡಿದು ಕೂರುತ್ತಾರೆ. ಅವರಿಗೂ ಈ ಗುರುತು ಉಳಿಯಬೇಕು.

ನಮ್ಮ ದೇಶ 1949ರ ಒಪ್ಪಂದಗಳನ್ನು ಒಪ್ಪಿದ್ದು 1950ರಲ್ಲಿ. ಅದಕ್ಕಾಗಿ ಜಿನೀವಾ ಒಪ್ಪಂದಗಳ ಕಾಯ್ದೆ ಬಂದದ್ದು 1960ರಲ್ಲಿ. ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಯಾರೂ ಕೆಂಪು ಕ್ರಾಸ್ ಬಳಸುವಂತಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ಆ ಗುರುತು ಸಲ್ಲುವುದು ಸೈನ್ಯದ ವೈದ್ಯಕೀಯ ವಿಭಾಗಕ್ಕೆ ಮತ್ತು ರೆಡ್ ಕ್ರಾಸ್ ಸಂಸ್ಥೆಗೆ. ಬೇರೆಯವರು ಬಳಸಿದರೆ 500 ರೂಪಾಯಿವರೆಗೆ ದಂಡ. ಆ ಮೊತ್ತ ಕೇಳಿದರೆ ಯಾರಿಗೂ ಹೆದರಿಕೆ ಆಗುವುದಿಲ್ಲ, ಗೊತ್ತು. ಆದರೆ ಔಷಧಿ ಮಾರುವ ಜಾಗಕ್ಕೂ ಯುದ್ಧದ ನಡುವಿನ ಆಂಬುಲೆನ್ಸಿಗೂ ಒಂದೇ ಗುರುತಾದರೆ ಅದಕ್ಕೆ ತೂಕ ಎಲ್ಲಿ ಉಳಿಯುತ್ತದೆ? ಶಾಂತಿ ಇರುವಾಗಲೇ ಕಣ್ಣಿಗೆ ಅಭ್ಯಾಸ ಆಗಬೇಕು. ಪ್ರಥಮ ಚಿಕಿತ್ಸೆಗೆ ಬೇರೆ ಗುರುತೇ ಇದೆ: ಹಸಿರಿನ ಮೇಲೆ ಬಿಳಿ ಕ್ರಾಸ್. ಔಷಧಿ ಅಂಗಡಿಗೆ ಹಸಿರು ಕ್ರಾಸ್ ಹಾಕುವ ರೂಢಿ ಎಷ್ಟೋ ದೇಶಗಳಲ್ಲಿದೆ.

ಇದನ್ನೆಲ್ಲ ಪೇಂಟರಿಗೆ ಇಷ್ಟುದ್ದ ಹೇಳಲಿಲ್ಲ. ಸೊಲ್ಫೆರಿನೊದ ಹೆಂಗಸರ ಕಥೆ ಹೇಳಿದೆ, ರಫಾದ ಮೊಬೈಲಿನ ಕಥೆ ಹೇಳಿದೆ. ಅವರು ಬ್ರಶ್ಶನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಅದ್ದಿಟ್ಟು ಸುಮ್ನೆ ಕೇಳಿಸಿಕೊಂಡರು. ಅಂಗಡಿಯವರನ್ನು ಕರೆದು ಅವರೇ ಇನ್ನೊಮ್ಮೆ ಹೇಳಿದರು. "ಹಸಿರೇ ಹಾಕಿ ಹಾಗಾದ್ರೆ" ಎಂದರು ಅಂಗಡಿಯವರು. ಹಸಿ ಕೆಂಪನ್ನು ಬಟ್ಟೆಯಿಂದ ಒರೆಸಿದಾಗ ಬಿಳಿಯ ಮೇಲೆಲ್ಲ ಗುಲಾಬಿ ಬಣ್ಣ ಹರಡಿತು. "ಇದು ಹೀಗೆ ಹೋಗೂದಿಲ್ಲ. ಮೇಲಿಂದ ಬಿಳಿ ಎರಡು ಕೋಟ್ ಹೊಡೀಬೇಕು. ಮಳೆ ಬರದಿದ್ರೆ ನಾಡಿದ್ದು ಹಸಿರು ಬರೀತೇನೆ" ಎಂದು ಪೇಂಟರ್ ಬೋರ್ಡನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದರು.